ಅಕ್ಕನೋ ಮಗಳೋ

ಬೆಳಗ್ಗೆ ಕೆಲಸದ ಮೇಜಿನ ಮುಂದೆ ನಿಂತಾಗ ಅವನಿಗೆ ಬಂದ ಮೊದಲ ಯೋಚನೆ, ಇಷ್ಟು ವರ್ಷದಲ್ಲಿ ಲಕ್ಷಗಟ್ಟಲೆ ಬಟ್ಟಲು ಟೀ ಬಾಯಿಗೆ ಹಾಕಿಕೊಂಡರೂ ಹೊಟ್ಟೆಗೆ ಅಂತ ಒಂದು ಗುಟುಕೂ ಇಳಿಸಲಿಲ್ಲವಲ್ಲ ಅನ್ನುವುದು. ಟೀ ರುಚಿ ನೋಡುವವರ ಕೆಲಸವೇ ಅಷ್ಟು. ಉದ್ದ ಮೇಜಿನ ಮೇಲೆ ಬಿಳಿ ಬಟ್ಟಲುಗಳ ಸಾಲು, ಒಂದೊಂದರ ಹಿಂದೆ ಒಂದೊಂದು ತೋಟದ ಎಲೆ ತುಂಬಿದ ಡಬ್ಬಿ, ಪಕ್ಕದಲ್ಲೇ ಗಾಲಿಗಳ ಮೇಲೆ ಉರುಳಿಸಿಕೊಂಡು ಹೋಗುವ ಸೊಂಟದೆತ್ತರದ ಪೀಕದಾನಿ. ಚಮಚದಲ್ಲಿ ಎತ್ತಬೇಕು, ಇಡೀ ಕೋಣೆಗೆ ಕೇಳುವ ಹಾಗೆ ಸೊರ್ರ್ ಅಂತ ಎಳೆಯಬೇಕು, ನಾಲಿಗೆಯ ಮೇಲೆ ಹೊರಳಾಡಿಸಬೇಕು, ಉಗಿಯಬೇಕು, ಆಮೇಲೆ ಇದು ಇಂಥ ತೋಟದ್ದು, ಇಂಥ ಬೆಲೆ ಬಾಳುತ್ತದೆ ಅಂತ ಹೇಳಬೇಕು. ಮನೆಯಲ್ಲಿ ಹಾಗೆ ಮಾಡಿದರೆ ಮಾನಗೆಟ್ಟವನು ಅನ್ನುತ್ತಾರೆ, ಇಲ್ಲಿ ಅದಕ್ಕೇ ಸಂಬಳ. ಕಂಪನಿಯಲ್ಲಿ ಅವನನ್ನು ಕರೆಯುವುದೇ ನಾಲಿಗೆ ಸಾಹೇಬರು ಅಂತ. ದುಡಿದದ್ದೂ ನಾಲಿಗೆ, ಹೆಸರು ಮಾಡಿದ್ದೂ ನಾಲಿಗೆ. ಹೊಟ್ಟೆ ಪಾಪ, ಯಾರ ತಂಟೆಗೂ ಹೋಗದೆ ಕೆಳಗೆ ತನ್ನ ಪಾಡಿಗೆ ತಾನು ಕೂತಿತ್ತು. ಆ ಬಡಪಾಯಿಯ ಒಳಗೆ ಈಗ ಎರಡು ಗಂಟು. ಒಂದು ಚಿಕ್ಕದು, ಹಳೆಯದು. ಇನ್ನೊಂದು ದೊಡ್ಡದು, ಈಚೆಗೆ ಕಂಡದ್ದು. ಸೋಮವಾರದಿಂದ ಆಸ್ಪತ್ರೆಯಲ್ಲಿ ಮಲಗಿಸಿ ನರಕ್ಕೆ ಔಷಧ ಹನಿಸುವುದು ಅಂತ ನಿಶ್ಚಯವಾಗಿತ್ತು. ನಿಶ್ಚಯವಾಗದೆ ಉಳಿದಿದ್ದು ಒಂದೇ, ದೊಡ್ಡದು ಚಿಕ್ಕದಕ್ಕೆ ಹುಟ್ಟಿದ್ದೋ ಅಥವಾ ಅದರ ದಾರಿಯೇ ಬೇರೆಯೋ ಅನ್ನುವುದು. "ಯಾವುದು ಯಾವುದಕ್ಕೆ ಹುಟ್ಟಿದ್ರೂ ಔಷಧ ಒಂದೇ ಕಣ್ರೀ, ನೀವ್ಯಾಕೆ ತಲೆ ಕೆಡಿಸ್ಕೋತೀರಿ?" ಅಂತ ಡಾಕ್ಟರು ಕೈಚೆಲ್ಲಿದ್ದರು. ಡಾಕ್ಟರಿಗೇನು, ರಾತ್ರಿ ಊಟಕ್ಕೆ ಅವರು ಅವನ ಹೆಂಡತಿಯ ಎದುರು ಕೂರಬೇಕೇ?

ಮೂರು ವರ್ಷದ ಹಿಂದೆ ಹೊಟ್ಟೆನೋವು ಅಂತ ಹೋದವನ ಗಂಟಲಲ್ಲಿ ಇದೇ ಡಾಕ್ಟರು ನಳಿಗೆ ಇಳಿಸಿ, ಒಳಗಿನ ಚೂರು ತೆಗೆದು ನೋಡಿ, "ಕ್ಯಾನ್ಸರ್ರೇ, ಆದ್ರೆ ಒಳ್ಳೇ ಸ್ವಭಾವದ್ದು" ಅಂದಿದ್ದರು, ಸಂಬಂಧಕ್ಕೆ ಹುಡುಗನನ್ನು ತೋರಿಸುವವರ ಧಾಟಿಯಲ್ಲಿ. ಹೊಟ್ಟೆಯಲ್ಲಿ ಒಂದು ಕ್ರಿಮಿ ಸೇರಿಕೊಂಡಿದೆ, ಅದನ್ನು ಓಡಿಸಲು ಬಂದ ಮೈಕಾವಲಿನ ಜೀವಕೋಶಗಳು ಅಲ್ಲೇ ಬೀಡುಬಿಟ್ಟು, ಅವುಗಳಲ್ಲಿ ಒಂದು ಕೆಟ್ಟು, ಆ ಒಂದೇ ಒಂದರ ಸಂತಾನ ಹೀಗೆ ಗಂಟಾಗಿದೆ, ಕ್ರಿಮಿ ಸತ್ತರೆ ಇವಕ್ಕೂ ಅನ್ನನೀರು ನಿಂತು ತಾವೇ ಹೋಗುತ್ತವೆ, ಎರಡು ವಾರ ಮಾತ್ರೆ ನುಂಗಿ ಅಂದರು. ಅವನಿಗೆ ಸಂತೋಷವಾಗುವ ಬದಲು ಅವಮಾನವಾಯಿತು. ಹಿಂದಿನ ದಿನವಿಡೀ ಸಾವಿಗೆ ಸಿದ್ಧನಾಗಿ, ದ್ವೇಷ ಕಟ್ಟಿಕೊಂಡಿದ್ದವರನ್ನೆಲ್ಲ ಮನಸ್ಸಿನಲ್ಲೇ ಕ್ಷಮಿಸಿ ಮುಗಿಸಿದ್ದ. ಈಗ ನೋಡಿದರೆ ಗಂಟಲುನೋವಿಗೆ ಕೊಡುವಂಥ ಮಾತ್ರೆ! ಕ್ಷಮಿಸಿದ್ದನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆ ಅಂತ ಗೊತ್ತಾಗದೆ ಮನೆಗೆ ಬಂದ. ಮಾತ್ರೆ ಶುರುವಾದ ಮಾರನೇ ದಿನದಿಂದ ಬಾಯಲ್ಲಿ ಬಾಗಿಲ ಬೀಗದಕೈ ಇಟ್ಟುಕೊಂಡ ಹಾಗೆ ಕಬ್ಬಿಣದ ರುಚಿ. ಅದು ವರ್ಷದ ಮೊದಲ ಚಿಗುರಿನ ಟೀ ಬರುವ ಕಾಲ, ದಿನಕ್ಕೆ ನೂರಾರು ಬಟ್ಟಲು, ಎಲ್ಲದರಲ್ಲೂ ಬೀಗದಕೈ. ಹೂವಿನಂಥ ಟೀಯನ್ನು ಕಳಪೆ ಅಂತ ಉಗಿದ, ತೋಟದವನು ಕಂಪನಿಗೇ ಬಂದು ಅಳು ಮೋರೆ ಮಾಡಿಕೊಂಡು ನಿಂತ. ಅವತ್ತು ಸಂಜೆ ಉಳಿದ ಮಾತ್ರೆಗಳನ್ನು ಕಾಲುಚೀಲದ ಖಾನೆಯೊಳಗೆ ತಳ್ಳಿದ. ವಾರದಲ್ಲಿ ರುಚಿ ಬಂತು, ನೋವೂ ಮಾಯವಾಯಿತು. ನೋವೇ ಇಲ್ಲದ ಮೇಲೆ ಮತ್ತೆ ನಳಿಗೆ ಯಾಕೆ ಅಂತ, ಈ ಚಿಗುರು ಮುಗಿಯಲಿ, ಮುಂದಿನ ಚಿಗುರು ಮುಗಿಯಲಿ ಅಂತ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ.

ಖಾನೆಯಲ್ಲಿದ್ದ ಮಾತ್ರೆ ಹೆಂಡತಿಯ ಕೈಗೆ ಸಿಕ್ಕಿತು. ಅವಳು ಮಕ್ಕಳಿಗೆ ಈಜು ಕಲಿಸುವವಳು. ಕೊಳದ ಈ ದಡದಿಂದ ಆ ದಡಕ್ಕೆ ಕೇಳುವಂತೆ 'ಉಸಿರು ಬಿಡು, ಕಾಲು ಹೊಡಿ' ಅಂತ ಕೂಗಿ ಕೂಗಿ ಪಳಗಿದ ಗಂಟಲು. ಅಂಥ ಗಂಟಲಲ್ಲಿ ಮೂರು ವರ್ಷದಿಂದ ಒಂದೇ ಮಾತು. ನಲ್ಲಿ ಸೋರಿದರೆ, "ಅರ್ಧಕ್ಕೆ ಬಿಡೋರ ಮನೇಲಿ ಇನ್ನೇನಾಗತ್ತೆ!" ಗಡಿಯಾರ ನಿಂತರೆ, "ಅದೂ ನಿಮ್ಮ ಹಾಗೇ ಅರ್ಧಕ್ಕೇ ಬಿಟ್ಟಿದೆ." ಮನೆಮಂದಿಗೆಲ್ಲ ಪರೀಕ್ಷೆಯಾಗಲಿ ಅಂತ ಡಾಕ್ಟರು ಹೇಳಿದಾಗ ಅವಳಲ್ಲೂ ಅದೇ ಕ್ರಿಮಿ ಸಿಕ್ಕಿತ್ತು. ಅವಳೂ ಅದೇ ಮಾತ್ರೆ ನುಂಗಿದ್ದಳು, ಒಂದೂ ತಪ್ಪಿಸದೆ, ಬೀಗದಕೈಯ ಬಗ್ಗೆ ಒಂದು ಮಾತೂ ಆಡದೆ. ಅದನ್ನು ಕೂಡ ಅವನು ತನ್ನನ್ನು ಚುಚ್ಚಲಿಕ್ಕೇ ಮಾಡಿದ ಸಾಧನೆ ಅಂದುಕೊಂಡ. ಈಗ ದೊಡ್ಡ ಗಂಟು ಬಂದ ಮೇಲಂತೂ ಅವಳು ಕೂಗುವುದನ್ನೂ ಬಿಟ್ಟು ಸುಮ್ಮನೆ ನೋಡುತ್ತಾಳೆ. ಅದು ಇನ್ನೂ ಕಷ್ಟ. ಆಸ್ಪತ್ರೆಗೆ ಸೇರಿದ ಸಂಶೋಧನಾಲಯದ ಹುಡುಗಿಯೊಬ್ಬಳು ಬಂದು, ನಿಮ್ಮ ಹಳೇ ಚೂರು ನಮ್ಮಲ್ಲಿದೆ, ಹೊಸ ಚೂರೂ ಇದೆ, ಎರಡನ್ನೂ ಹೋಲಿಸಿ ದೊಡ್ಡದು ಚಿಕ್ಕದರಿಂದಲೇ ಬೆಳೆದದ್ದೋ ಅಲ್ಲವೋ ನೋಡಲಾ, ಇದು ನಮ್ಮ ಓದಿಗಷ್ಟೇ, ನಿಮಗೇನೂ ಉಪಯೋಗ ಇಲ್ಲ ಅಂತ ಕೇಳಿದಾಗ ಅವನು ಹೂಂ ಅನ್ನುವ ಮೊದಲೇ ಹೆಂಡತಿ, "ನೋಡಮ್ಮ, ನೋಡು" ಅಂದುಬಿಟ್ಟಳು. ಉಪಯೋಗ ಇಲ್ಲವಂತೆ! ಚಿಕ್ಕದರಿಂದಲೇ ಬೆಳೆದಿದ್ದರೆ ತಪ್ಪು ಅವನದು, ಖಾನೆಯಲ್ಲಿಟ್ಟ ಮಾತ್ರೆಯದು. ಬೇರೆಯಾದರೆ ಅವನು ನಿರಪರಾಧಿ. ಔಷಧಕ್ಕೆ ಮೈ ಒಡ್ಡುವ ಮೊದಲು ಒಂದೇ ಒಂದು ಊಟವನ್ನು ನಿರಪರಾಧಿಯಾಗಿ ಮಾಡಬೇಕು ಅಂತ ಅವನಿಗೆ ಆಸೆಯಿತ್ತು. ಬದುಕುವ ಆಸೆಗಿಂತ ಅದೇ ಹೆಚ್ಚಾಗಿತ್ತು ಅಂದರೆ ಯಾರಾದರೂ ನಕ್ಕಾರು.

"ಸಾಹೇಬ್ರೇ, ಇವೆರಡು ಸ್ವಲ್ಪ ನೋಡ್ತೀರಾ?" ಅಂತ ಮ್ಯಾನೇಜರು ಎರಡು ಬಟ್ಟಲನ್ನು ಅವನ ಮುಂದೆ ಸರಿಸಿದರು. "ಒಂದೇ ತೋಟದ್ದಾ, ಬೇರೆನಾ?" ಇದೆಲ್ಲ ಅವನಿಗೆ ನೀರು ಕುಡಿದಷ್ಟು ಸುಲಭ. ಒಳ್ಳೆಯ ತೋಟಗಳಲ್ಲಿ ಗುಡ್ಡಕ್ಕೆ ಗುಡ್ಡವೇ ಒಂದು ತಾಯಿಗಿಡದ ಕಡ್ಡಿಗಳಿಂದ ಎದ್ದಿರುತ್ತದೆ, ಸಾವಿರ ಗಿಡವಾದರೂ ಅದು ಒಂದೇ ಗಿಡ, ಬಾಯಿಗೆ ತಕ್ಷಣ ಗೊತ್ತಾಗುತ್ತದೆ. ಮೊದಲನೆಯದನ್ನು ಎಳೆದ, ಉಗಿದ. ಎರಡನೆಯದನ್ನು ಎಳೆದ. ಮೊದಲನೆಯದು ಸಾಧು, ಎರಡನೆಯದರಲ್ಲಿ ಏನೋ ಒರಟು, ಒಂಥರಾ ಹಟಮಾರಿತನ. ಉಗಿದು, "ಬೇರೆ ಬೇರೆ. ಸಂಬಂಧವೇ ಇಲ್ಲ," ಅಂದ. ಹೇಳುವಾಗ ಎದೆ ಹಗುರವಾಯಿತು. ಮ್ಯಾನೇಜರು ಮೇಜಿನ ಅಂಚನ್ನು ಉಜ್ಜುತ್ತಾ, "ಒಂದೇ ಕೆಟಲ್‌ನಿಂದ ಬಗ್ಗಿಸಿದ್ದು ಸಾಹೇಬ್ರೇ. ಪರವಾಗಿಲ್ಲ ಬಿಡಿ, ಈಗ ನಿಮಗೆ ಮೈ ಸರಿ ಇಲ್ಲ," ಅಂದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮರುಕ ಯಾರಿಗೆ ಬೇಕಿತ್ತು? ಸುಳ್ಳಿರಬೇಕು ಅಂತ ಮತ್ತೊಂದು ಚಮಚ ಎಳೆದ, ಅಷ್ಟರಲ್ಲಿ ಜೇಬಿನಲ್ಲಿದ್ದ ಫೋನು ನಡುಗಿತು, ಅವನು ಬೆಚ್ಚಿ ಬಾಯಲ್ಲಿದ್ದ ಟೀಯನ್ನು ಗಟಕ್ಕನೆ ನುಂಗಿಬಿಟ್ಟ. ಆ ಮೇಜಿನಲ್ಲಿ ನುಂಗುವುದು ಅಂದರೆ ದೊಡ್ಡ ಸಭೆಯಲ್ಲಿ ಪಂಚೆ ಕಳಚಿದ ಹಾಗೆ. ಆಚೆ ಸಾಲಿನಲ್ಲಿದ್ದವರು ಚಮಚ ಎತ್ತಿ ಹಿಡಿದುಕೊಂಡೇ ನಿಂತರು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಬಿಸಿ ಗುಟುಕು ಎದೆ ದಾಟಿ ಇಳಿಯುತ್ತಾ ಇಳಿಯುತ್ತಾ, ಹೊಟ್ಟೆಯಲ್ಲಿ ಕೂತಿರುವ ಇಬ್ಬರ ಮೇಲೂ ಚೆಲ್ಲಿತು ಅಂತ ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಮೊದಲ ಸಲ ಮನೆಗೆ ಬಂದ ನೆಂಟರಿಗೆ ಟೀ ಕೊಟ್ಟ ಹಾಗಾಯಿತಲ್ಲ ಅಂದುಕೊಂಡ.

ಫೋನಿನಲ್ಲಿ ಆ ಹುಡುಗಿ. "ಸರ್, ರಿಸಲ್ಟ್ ಬಂತು! ತುಂಬಾ ಚೆನ್ನಾಗಿದೆ!"

"ಚೆನ್ನಾಗಿದೆ ಅಂದ್ರೆ? ಕಡಿಮೆ ಆಗಿದ್ಯಾ?"

"ಅಯ್ಯೋ, ಅದಲ್ಲ ಸರ್. ಚೆನ್ನಾಗಿದೆ ಅಂದ್ರೆ, ಇಂಟರೆಸ್ಟಿಂಗಾಗಿದೆ. ನಾವು ಅಂದ್ಕೊಂಡ ಹಾಗೆ ಇಲ್ವೇ ಇಲ್ಲ. ಮಧ್ಯಾಹ್ನ ಬರ್ತೀರಾ? ಆಂಟೀನೂ ಕರ್ಕೊಂಡು ಬನ್ನಿ, ಅವರು ದಿನಾ ಫೋನ್ ಮಾಡಿ ಕೇಳ್ತಿದ್ರು."

ದಿನಾ ಫೋನ್ ಮಾಡುತ್ತಿದ್ದಳೇ? ಇದು ಅವನಿಗೆ ಹೊಸ ಸುದ್ದಿ. ತೀರ್ಪು ಕೇಳಲು ಇಷ್ಟು ಆತುರವೇ ಇವಳಿಗೆ ಅಂತ ಹೊಟ್ಟೆ ಉರಿಯಿತು. ಅಥವಾ ಅದು ನುಂಗಿದ ಟೀಯೋ ಏನೋ.

ಮಧ್ಯಾಹ್ನ ಹೆಂಡತಿಯ ಅಣ್ಣ ಕಾರು ತಂದರು. ಅಪಘಾತವಾದ ಗಾಡಿಗಳನ್ನು ನೋಡಿ ತಪ್ಪು ಯಾರದು ಅಂತ ವಿಮಾ ಕಂಪನಿಗೆ ಹೇಳುವುದು ಅವರ ಕಸುಬು. ಇಂಥ ವಿಷಯದಲ್ಲಿ ತನ್ನನ್ನು ಬಿಟ್ಟು ಹೋಗುವುದುಂಟೇ ಅಂತ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡೇ ಬಂದಿದ್ದರು. ಅವನೂ ಅವರೂ ಒಬ್ಬರನ್ನೊಬ್ಬರು ಭಾವ ಅನ್ನುತ್ತಿದ್ದರು, ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಅಷ್ಟಕ್ಕಷ್ಟೆ. "ಎರಡು ಗಾಡಿ ಗುದ್ದಿದಾಗ ಮೊದಲು ಬಣ್ಣ ನೋಡ್ಬೇಕು ಭಾವ," ಅಂತ ದಾರಿಯುದ್ದಕ್ಕೂ ಪಾಠ. "ಇದರ ಬಣ್ಣ ಅದಕ್ಕೆ ಅಂಟಿದ್ರೆ ಮುಗೀತು. ನನ್ನ ಅನುಭವದಲ್ಲಿ ಹೇಳ್ತೀನಿ, ಪೂರ್ತಿ ತಪ್ಪು ಒಬ್ಬನದೇ ಅಂತ ಇರೋದೇ ಇಲ್ಲ. ಅರ್ಧರ್ಧ ಹಂಚಿಕೆ ಮಾಡಿ ಕೈ ತೊಳ್ಕೊಳೋದು ಒಳ್ಳೇದು." ಹೆಂಡತಿ ಮುಂದಿನ ಸೀಟಿನಲ್ಲಿ ಕೊಳದ ನೀರಿನ ಕ್ಲೋರಿನ್ ವಾಸನೆ ಹೊತ್ತು ಕೂತಿದ್ದಳು. ಒದ್ದೆ ಕೂದಲಿನಿಂದ ಹನಿ ಕುತ್ತಿಗೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮದುವೆಯಾದ ಹೊಸತರಲ್ಲಿ ಅವನಿಗೆ ಈಜು ಕಲಿಸಲು ನೀರಿಗೆ ಇಳಿಸಿದ್ದಳು. ಅವನು ಮುಳುಗಿ ಬಾಯಿ ತುಂಬ ನೀರು ತುಂಬಿಕೊಂಡು ಮೇಲೆದ್ದು, ನುಂಗಲಿಲ್ಲ ನುಂಗಲಿಲ್ಲ ಅಂತ ಹೆಮ್ಮೆಯಿಂದ ಉಗಿದು ತೋರಿಸಿದಾಗ ದಡದ ಮೇಲೆ ಬಿದ್ದು ಬಿದ್ದು ನಕ್ಕಿದ್ದಳು. ಆ ನಗು ಈಗ ಎಲ್ಲಿ ಹೋಯಿತು ಅಂತ ಕೇಳಬೇಕೆನ್ನಿಸಿತು. ಕೇಳಿದರೆ ಬರುವ ಉತ್ತರ ಗೊತ್ತಿದ್ದರಿಂದ ಕಿಟಕಿಯ ಆಚೆ ನೋಡಿದ.

ಹುಡುಗಿಯ ಕೋಣೆ ಮೆಟ್ಟಿಲ ಕೆಳಗಿನ ಸಂದಿಯಲ್ಲಿತ್ತು. ಕಂಪ್ಯೂಟರು, ಗುಂಯ್‌ಗುಡುವ ಯಂತ್ರಗಳು, ಎರಡೇ ಕುರ್ಚಿ. ಕೂರಲು ಜಾಗ ಕಾಣದೆ ಹೆಂಡತಿಯ ಅಣ್ಣ ಗೋಡೆಯ ಪಕ್ಕದ ಉದ್ದನೆಯ ಬಿಳಿ ಪೆಟ್ಟಿಗೆಯ ಮೇಲೆ ಆರಾಮಾಗಿ ಕೂತರು. "ಸರ್, ಅದು ಫ್ರೀಜರ್," ಅಂದಳು ಹುಡುಗಿ ಸಂಕೋಚದಿಂದ, "ಇವರ ಹೊಟ್ಟೆ ಚೂರು ಅದರಲ್ಲೇ ಇದೆ." ಅವರು ಮುಳ್ಳು ಚುಚ್ಚಿದಂತೆ ಎದ್ದು, ಒಂದು ಕ್ಷಣ ತಡೆದು, ಪೆಟ್ಟಿಗೆಯ ಕಡೆಗೂ ಅವನ ಕಡೆಗೂ ನೋಡಿ, "ಕ್ಷಮಿಸಿ ಭಾವ," ಅಂದರು. ಯಾವ ಕಡೆ ನೋಡುವಾಗ ಅಂದರು ಅಂತ ಅವನಿಗೆ ತಿಳಿಯಲಿಲ್ಲ. ಎರಡೂ ಕಡೆಯ ಪರವಾಗಿ ತಾನೇ ಪರವಾಗಿಲ್ಲ ಅಂದ.

ಹುಡುಗಿಯ ಕಣ್ಣು ಹೊಳೆಯುತ್ತಿತ್ತು. ತೆರೆಯ ಮೇಲೆ ಬಣ್ಣದ ಪಟ್ಟಿಗಳು. "ನೋಡಿ ಸರ್, ಈ ಜಾತಿ ಜೀವಕೋಶಗಳು ಹುಟ್ಟುವಾಗಲೇ ತಮಗೆ ಅಂತ ಒಂದು ಗುರುತು ಮಾಡ್ಕೊಳ್ತವೆ. ಒಂದರ ಹಾಗೆ ಇನ್ನೊಂದಿಲ್ಲ. ಅದರ ಮಕ್ಕಳು ಮರಿಮಕ್ಕಳಿಗೆಲ್ಲ ಅದೇ ಗುರುತು. ನಿಮ್ಮ ಚಿಕ್ಕದರಲ್ಲೂ ದೊಡ್ಡದರಲ್ಲೂ ಒಂದೇ ಗುರುತಿದೆ."

"ಬಣ್ಣ ಅಂಟಿದೆ," ಅಂದರು ಹೆಂಡತಿಯ ಅಣ್ಣ ಮೆಲ್ಲಗೆ.

ಮುಗಿಯಿತು. ಇನ್ನು ಸಾಯುವವರೆಗೂ, ಅದೂ ಬಹಳ ದೂರ ಇಲ್ಲ, ಅವನು ಅಪರಾಧಿ. ಹೆಂಡತಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ಬೆಳಗ್ಗೆ ಒಂದೇ ಕೆಟಲ್ಲಿನ ಎರಡು ಬಟ್ಟಲಿನಲ್ಲಿ ತಾನು ಹುಡುಕಿ ತೆಗೆದಿದ್ದ ವ್ಯತ್ಯಾಸ ನೆನಪಾಗಿ, ಎಂಥ ದಡ್ಡ ಆಸೆ ಅಂತ ನಾಚಿಕೆಯಾಯಿತು. ಆದರೆ ಹುಡುಗಿ ನಿಲ್ಲಿಸಿರಲಿಲ್ಲ.

"ಮಜಾ ಇರೋದು ಮುಂದೆ ಸರ್. ಇವು ಬೆಳೀತಾ ಬೆಳೀತಾ ತಪ್ಪು ಮಾಡ್ತಾ ಹೋಗ್ತವೆ, ತಮ್ಮ ಒಳಗಿರೋದನ್ನ ನಕಲು ಮಾಡುವಾಗ. ದೊಡ್ಡದು ಚಿಕ್ಕದರ ಮಗಳೇ ಆಗಿದ್ರೆ, ಚಿಕ್ಕದರ ತಪ್ಪೆಲ್ಲ ಇದರಲ್ಲಿ ಇರ್ಬೇಕಿತ್ತು. ಇಲ್ಲ! ಇದರ ತಪ್ಪು ಇದಕ್ಕೆ, ಅದರ ತಪ್ಪು ಅದಕ್ಕೆ. ಹಳೇ ಒಂದೆರಡು ತಪ್ಪು ಮಾತ್ರ ಇಬ್ಬರಲ್ಲೂ ಇದೆ, ಅದು ಅವರಮ್ಮನದು. ಅಂದ್ರೆ ಇವರು ತಾಯಿ ಮಗಳಲ್ಲ ಸರ್. ಅಕ್ಕ ತಂಗಿ."

ಹೆಂಡತಿಯ ಅಣ್ಣ ಕೋಟಿನ ಗುಂಡಿ ಬಿಚ್ಚಿ ಮತ್ತೆ ಹಾಕಿದರು. "ಹಾಗಾದ್ರೆ ಯಾರೂ ಯಾರಿಗೂ ಗುದ್ದಿಲ್ಲ," ಅಂದರು, ಕಸುಬಿಗೇ ಅವಮಾನವಾದವರಂತೆ.

"ನಾನು ಮಾತ್ರೆ ಮುಗಿಸಿದ್ದಿದ್ರೆ?" ಅಂತ ಅವನು ಕೇಳಿದ.

"ಚಿಕ್ಕದು ಹೋಗ್ತಿತ್ತೇನೋ ಸರ್. ದೊಡ್ಡದು ಮಾತ್ರೆಗೆ ಬಗ್ಗೋ ಜಾತಿ ಅಲ್ಲ. ಅದು ನೀವು ಮಾತ್ರೆ ಶುರು ಮಾಡೋಕ್ಕೆ ಎಷ್ಟೋ ಮುಂಚೆನೇ ಬೇರೆ ದಾರಿ ಹಿಡಿದಿತ್ತು, ಕಣ್ಣಿಗೆ ಕಾಣೋ ಹಾಗೆ ಬೆಳೆದಿರಲಿಲ್ಲ ಅಷ್ಟೆ. ನೀವು ಬಿಟ್ರೂ ಬಿಡದಿದ್ರೂ ಅದು ಬರೋದೇ."

ನಿರಪರಾಧಿ! ಹೊಟ್ಟೆಯಲ್ಲಿ ಎರಡೆರಡು ಗಂಟು ಇಟ್ಟುಕೊಂಡವನು ಎದ್ದು ಕುಣಿಯುವುದು ಸರಿಯಲ್ಲ ಅಂತ ಕುರ್ಚಿಯ ಕೈ ಬಿಗಿಯಾಗಿ ಹಿಡಿದ. ಸೋರುವ ನಲ್ಲಿ, ನಿಂತ ಗಡಿಯಾರ, ಎಲ್ಲದರ ಲೆಕ್ಕ ಈಗ ಚುಕ್ತಾ. ಬರೋದೇ ಇತ್ತಂತೆ, ಕೇಳಿದೆಯಾ, ಕೇಳಿಸಿತಾ ಅಂತ ಹೆಂಡತಿಯ ಕಡೆ ತಿರುಗಿದ. ಅವಳು ಸೋತಿರುವುದನ್ನು ಕಣ್ತುಂಬ ನೋಡಬೇಕು ಅನ್ನುವ ಹಂಬಲ, ನಾಚಿಕೆಗೆಟ್ಟ ಹಂಬಲ, ಅವನಿಗಿದ್ದದ್ದು ನಿಜ. ಆದರೆ ಅವಳ ಮುಖದಲ್ಲಿದ್ದದ್ದು ಸೋಲಲ್ಲ, ಹೆದರಿಕೆ. ಕೊಳದ ಆಳದ ಕಡೆ ಯಾವುದೋ ಮಗು ಮುಳುಗಿದ್ದನ್ನು ಕಂಡವಳ ಹಾಗೆ ತೆರೆಯನ್ನೇ ನೋಡುತ್ತಿದ್ದಳು.

"ಅವರಮ್ಮ ಯಾರು?" ಅಂದಳು.

"ಆ ಕೋಶ ಈಗ ಇಲ್ಲ ಆಂಟಿ. ಮಕ್ಕಳಿಬ್ಬರನ್ನ ನೋಡಿ, ಹೀಗಿದ್ದಿರಬೇಕು ಅಂತ ನಾವು ಊಹೆ ಮಾಡೋದು."

"ಯಾವಾಗ ಇದ್ಲು?"

"ಹೇಳೋದು ಕಷ್ಟ. ಐದು ವರ್ಷ ಆಗಿರಬಹುದು, ಹತ್ತೂ ಆಗಿರಬಹುದು, ಇನ್ನೂ ಹಿಂದೇನೂ ಇರಬಹುದು."

"ಅವಳು ಕೆಟ್ಟಿದ್ದು ಆ ಕ್ರಿಮಿಯಿಂದ ತಾನೆ? ಕ್ರಿಮಿ ಯಾವಾಗ ಬಂತು? ಮದುವೆಗೆ ಮುಂಚೆನಾ, ಆಮೇಲಾ?"

"ಯಾರ ಮದುವೆ?" ಅಂದರು ಅಣ್ಣ, ಗಾಬರಿಯಾಗಿ. ಹುಡುಗಿ ಕೂಡ ಅದು ಅಲ್ಲೆಲ್ಲಾದರೂ ಬರೆದಿದೆಯೋ ಅನ್ನುವಂತೆ ತೆರೆಯನ್ನು ಒಮ್ಮೆ ಮೇಲೆ ಕೆಳಗೆ ಸರಿಸಿ ನೋಡಿದಳು. "ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಸೇರ್ಕೊಳ್ಳತ್ತೆ ಆಂಟಿ. ಗಂಡ ಹೆಂಡತಿ ಮಧ್ಯೆ ಹರಡೋದೂ ಉಂಟು, ಕಡಿಮೆ. ಇವರ ವಿಷಯದಲ್ಲಿ ಯಾವುದು ಅಂತ ನಾನು ಹೇಳೋಕಾಗಲ್ಲ."

"ನನ್ನಲ್ಲೂ ಇತ್ತಲ್ಲಮ್ಮ ಅದು," ಅಂದಳು ಹೆಂಡತಿ. ದಡದಿಂದ ದಡಕ್ಕೆ ಕೇಳುವ ಆ ಗಂಟಲು ಎಲ್ಲಿ ಅಡಗಿತೋ, ಪಕ್ಕದಲ್ಲಿದ್ದ ಅವನಿಗೇ ಸರಿಯಾಗಿ ಕೇಳಲಿಲ್ಲ. "ನಮ್ಮಮ್ಮನಿಗೂ ಹೊಟ್ಟೆ ಉರಿ, ನಮ್ಮಜ್ಜಿಗೂ ಹೊಟ್ಟೆ ಉರಿ. ಇವರ ಕಡೆ ಯಾರಿಗೂ ಇಲ್ಲ. ಒಂದೇ ಲೋಟದಲ್ಲಿ ಕುಡಿದಿದೀವಿ, ಒಂದೇ ತಟ್ಟೇಲಿ ತಿಂದಿದೀವಿ, ನಾನೇ ಕಲಸಿ ಕೊಟ್ಟಿದೀನಿ. ನನ್ನಿಂದ ಬಂತಾ? ಇದ್ದಿದ್ದು ಇದ್ದ ಹಾಗೆ ಹೇಳಮ್ಮ. ಮಾತ್ರೆಯಿಂದ ಅಂತ ಆದ್ರೂ ಇದ್ದಿದ್ರೆ..." ಅಂದು ನಿಲ್ಲಿಸಿದಳು.

ಅವನಿಗೆ ಆಗ ಅರ್ಥವಾಯಿತು. ಮೂರು ವರ್ಷ ಇವಳು ಅಷ್ಟು ಗಟ್ಟಿಯಾಗಿ ಕೂಗಿದ್ದು ಅವನಿಗೆ ಕೇಳಲಿ ಅಂತಲ್ಲ, ತನ್ನೊಳಗೆ ಏಳುವ ಇನ್ನೊಂದು ಮಾತು ತನಗೆ ಕೇಳದಿರಲಿ ಅಂತ. ಒಂದೂ ತಪ್ಪಿಸದೆ ನುಂಗಿದ ಆ ಮಾತ್ರೆಗಳು, ದಿನಾ ಮಾಡಿದ ಫೋನು. ತಪ್ಪು ಅವನದಾಗಿರುವ ತನಕ ಅವಳು ಹೇಗೋ ಬದುಕಿದ್ದಳು. ಇಂಥವಳನ್ನು ಸೋಲಿಸಿ ಕಣ್ತುಂಬ ನೋಡಲು ಹೊರಟಿದ್ದೆನಲ್ಲ, ಥೂ ನನ್ನ ಜನ್ಮಕ್ಕೆ ಅಂದುಕೊಂಡ. ಎದುರಿಗೆ ಹುಡುಗಿ, ಆ ಪ್ರಾಮಾಣಿಕ ಪ್ರಾಣಿ, ಇನ್ನೇನು ಬಾಯಿ ತೆರೆದು ಗೊತ್ತಿಲ್ಲ ಅನ್ನುವುದರಲ್ಲಿದ್ದಳು.

"ಮದುವೆಗೆ ಮುಂಚೆ," ಅಂದ ಅವನು. ಟೀ ಉಗಿದು ಬೆಲೆ ಹೇಳುವಾಗಿನ ದನಿ ಅದು, ಅದರ ಮೇಲೆ ಇನ್ನೊಂದು ಮಾತಿಲ್ಲ.

"ಸರ್, ಅದು ಹಾಗೆ ಖಚಿತವಾಗಿ..."

"ನನ್ನ ಹೊಟ್ಟೆ ನನಗೆ ಗೊತ್ತಿಲ್ವೇನಮ್ಮ? ಕಾಲೇಜಿಗೆ ಹೋಗುವಾಗಲೇ ಉರಿ ಇತ್ತು. ಹಾಸ್ಟೆಲಿನಲ್ಲಿ ಹೊಟ್ಟೆ ಹಿಡ್ಕೊಂಡು ಬಿದ್ದಿರ್ತಿದ್ದೆ. ಯಾರಿಗೂ ಹೇಳಿರಲಿಲ್ಲ."

ಹುಡುಗಿ ಹೆಂಡತಿಯ ಮುಖ ನೋಡಿದಳು, ಅವನ ಮುಖ ನೋಡಿದಳು, ಕಡೆಗೆ ತೆರೆಯ ಮೇಲಿದ್ದ ಬಣ್ಣದ ಪಟ್ಟಿಗಳನ್ನು ನೋಡುತ್ತಾ ಸುಮ್ಮನಾದಳು. ಹೆಂಡತಿಯ ಅಣ್ಣನಿಗೆ ಮಾತ್ರ ಮುಖ ಅರಳಿತು. "ಹಾಗ್ ಹೇಳಿ ಭಾವ! ಪಾಲಿಸಿಗಿಂತ ಮುಂಚಿನ ಡ್ಯಾಮೇಜು. ಅದಕ್ಕೆ ಯಾರೂ ಜವಾಬ್ದಾರರಲ್ಲ," ಅಂತ ತೀರ್ಪು ಕೊಟ್ಟು, ಕಾರು ತರುತ್ತೇನೆ ಅಂತ ಹೊರಟೇಬಿಟ್ಟರು.

ಹೊರಗಿನ ಉದ್ದನೆಯ ಓಣಿಯಲ್ಲಿ ಯಾರೋ ಖಾಲಿ ಗಾಲಿಕುರ್ಚಿ ತಳ್ಳಿಕೊಂಡು ಹೋದರು. ಇಬ್ಬರೂ ಗೋಡೆಗೆ ಸರಿದು ದಾರಿ ಬಿಟ್ಟು, ಹಾಗೇ ನಿಂತರು. ಹೆಂಡತಿ ಅವನ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದುಕೊಂಡಳು.

"ಕಾಲೇಜಲ್ಲಿ ನಿಮಗೆ ಎಂಥ ಉರಿಯೂ ಇರಲಿಲ್ಲ," ಅಂದಳು. "ಕಲ್ಲು ತಿಂದು ಕರಗಿಸ್ಕೋತಿದ್ದ ಅಂತ ನಿಮ್ಮಮ್ಮನೇ ನಂಗೆ ಹೇಳಿದಾರೆ."

ಅವನು ದೂರ ಹೋಗುತ್ತಿದ್ದ ಗಾಲಿಕುರ್ಚಿಯನ್ನು ನೋಡಿದ.

"ಸುಳ್ಳು ಅಂತ ಗೊತ್ತು ನಂಗೆ."

ಅವನು ತಲೆ ತಗ್ಗಿಸಿದ. ಅವಳು ತೋಳು ಬಿಡಲಿಲ್ಲ. ಹತ್ತಿರ ಸರಿದು, ಯಾರಿಗೂ ಕೇಳದ ಹಾಗೆ, "ಇನ್ನೊಂದ್ಸಲ ಹೇಳಿ," ಅಂದಳು.

ಅವನು ಹೇಳಿದ.